ನರ್ಸಮ್ಮ ಅಂಗಳದಿಂದಲೇ ತಿರುಗಿ ಹೋದ ದಿನ

ನಾನು ಚಿಕ್ಕವಳಿದ್ದಾಗ ಸುಗಟೂರಿನ ನಮ್ಮ ಮನೆಯಲ್ಲಿ ರೇಷ್ಮೆಹುಳಗಳದೇ ದರ್ಬಾರು. ನಡುಮನೆಯ ತುಂಬ ತಟ್ಟೆಗಳು, ಹಿಪ್ಪುನೇರಳೆ ಸೊಪ್ಪಿನ ಹಸಿ ವಾಸನೆ, ಹುಳ ಮೇಯುವ ಚರಚರ ಸದ್ದು. ಹುಳ ಹಣ್ಣಾಗಿ ಗೂಡು ಕಟ್ಟುವ ಹೊತ್ತಿಗೆ ಹೊರಗಿನವರು ಹೊಸಿಲು ದಾಟುವಂತಿರಲಿಲ್ಲ. ದೃಷ್ಟಿ ತಾಗುತ್ತದೆ, ರೋಗ ಬರುತ್ತದೆ ಎಂಬ ಭಯ.

ಆ ವರ್ಷ ಒಳಕೋಣೆಯಲ್ಲಿ ಬಾಣಂತಿ ಅಮ್ಮ, ಪಕ್ಕದಲ್ಲಿ ಒಂದು ತಿಂಗಳ ತಮ್ಮ. ಅವನ ಮೈಯೂ ಹಳದಿ, ಕಣ್ಣಿನ ಬಿಳಿಯೂ ಹಳದಿ. ಅಜ್ಜಿ ದಿನಾ ಅರಿಶಿನ ಹಚ್ಚಿ ನೀರೆರೆಯುತ್ತಿದ್ದುದರಿಂದ ಯಾರಿಗೂ ಅದು ವಿಚಿತ್ರವಾಗಿ ಕಾಣಲಿಲ್ಲ. ಅರಿಶಿನ ಕಣ್ಣೊಳಗೂ ಹತ್ತುತ್ತದೆಯೇ ಎಂದು ಕೇಳುವ ಬುದ್ಧಿ ಯಾರಿಗಿತ್ತು? ಉಚ್ಚೆ ಬಟ್ಟೆಯ ಮೇಲೆ ಕಡು ಹಳದಿ ಕಲೆ ಬಿಡುತ್ತಿತ್ತು. ಕಕ್ಕ ಮಾತ್ರ ಸುಣ್ಣದಂತೆ ಬೆಳ್ಳಗೆ.

ಆ ದಿನ ಹುಳಗಳು ಹಣ್ಣಾಗಿದ್ದವು. ಎಲ್ಲರೂ ಅವನ್ನು ಆರಿಸಿ, ಗೂಡು ಕಟ್ಟಲೆಂದು ಬಿದಿರಿನ ಚಂದ್ರಿಕೆಗೆ ಬಿಡುವ ಗಡಿಬಿಡಿಯಲ್ಲಿದ್ದೆವು. ಅಮ್ಮ ತಮ್ಮನ ಬಟ್ಟೆ ಹಿಡಿದು ಕೋಣೆಯ ಬಾಗಿಲಿಗೆ ಬಂದಳು.

"ಅತ್ತೆ, ಇವತ್ತೂ ಹಿಂಗೇ ಬೆಳ್ಳಗೈತೆ. ನಂಗ್ಯಾಕೋ ಭಯ."

"ಹಾಲು ಕುಡಿಯೋ ಕೂಸು ಬೆಳ್ಳಗಲ್ದೆ ಕರ್ರಗೆ ಹೋಗ್ತದಾ?" ಎಂದು ಅಜ್ಜಿ ನಕ್ಕಳು.

ಅಷ್ಟರಲ್ಲಿ ಹಳ್ಳಿಹಳ್ಳಿ ತಿರುಗುವ ನರ್ಸಮ್ಮ ಅಂಗಳಕ್ಕೆ ಬಂದರು. ಅಪ್ಪ ಬಾಗಿಲಿಗೆ ಅಡ್ಡ ನಿಂತ.

"ಹುಳ ಹಣ್ಣಾಗೈತೆ ಕಣಮ್ಮ, ಒಳಕ್ಕೆ ಬರ್ಬೇಡಿ. ಮಗು ಚೆನ್ನಾಗವ್ನೆ, ಹಾಲು ಕುಡೀತಾನೆ."

"ಒಂದ್ಸಲ ಈಚೆಗೆ ತಂದು ತೋರಿಸ್ರಪ್ಪ."

"ಹಸಿ ಕೂಸನ್ನ ಗಾಳಿಗೆ ತರೋಕಾಗ್ತದಾ? ಮುಂದಿನ ಸಲ ನೋಡೋರಂತೆ."

ನರ್ಸಮ್ಮ ಅಂಗಳದಿಂದಲೇ ತಿರುಗಿ ಹೊರಟುಹೋದರು.

ಗೂಡು ಆ ಸಲ ಬಲು ಚೆನ್ನಾಗಿ ಬಂತು. ಕೆಲವು ತಿಂಗಳು ಕಳೆದು ತಮ್ಮನ ಹೊಟ್ಟೆ ಊದಿಕೊಂಡ ಮೇಲೆ ಅವನನ್ನು ಕೋಲಾರದ ಆಸ್ಪತ್ರೆಗೆ ಹೊತ್ತೊಯ್ದೆವು. ಪಿತ್ತ ಕರುಳಿಗೆ ಇಳಿಯುವ ದಾರಿ ಮುಚ್ಚಿದೆ, ಕಕ್ಕ ಬೆಳ್ಳಗಾದದ್ದು ಅದಕ್ಕೇ, ಲಿವರ್ ಕೆಟ್ಟಿದೆ, ಬಹಳ ತಡವಾಯಿತು ಎಂದರು ಡಾಕ್ಟರು. ತಮ್ಮ ಉಳಿಯಲಿಲ್ಲ. ಆಮೇಲೂ ಅಪ್ಪ ಹುಳ ಸಾಕಿದ, ಆದರೆ ಯಾರು ಬಂದರೂ ಬಾಗಿಲಿಗೆ ಅಡ್ಡ ನಿಲ್ಲಲಿಲ್ಲ.

ಮೊಮ್ಮಕ್ಕಳೇ, ನಿಮ್ಮ ಪುಟ್ಟ ತಂಗಿಗೆ ಮೂರು ವಾರ ಕಳೆದರೂ ಕಣ್ಣು ಹಳದಿಯಾಗೇ ಇತ್ತು. ಡೈಪರ್ ಬಿಚ್ಚಿ ನೋಡಿದೆ, ಅದೇ ಸುಣ್ಣದಂಥ ಬಿಳಿ ಕಕ್ಕ. ಆವತ್ತೇ ನಿಮ್ಮಪ್ಪ ಅವಳನ್ನು ಕೋಲಾರಕ್ಕೆ ಕರೆದೊಯ್ದ. ರಕ್ತ ಪರೀಕ್ಷೆ, ಸ್ಕ್ಯಾನು, ಆಮೇಲೆ ಬೆಂಗಳೂರು. ಎರಡು ತಿಂಗಳು ತುಂಬುವ ಮೊದಲೇ ಆಪರೇಷನ್ ಮಾಡಿ ಪಿತ್ತಕ್ಕೆ ಬೇರೆ ದಾರಿ ಮಾಡಿದರು. ಔಷಧಿ, ತಪಾಸಣೆ ಇನ್ನೂ ನಡೆದೇ ಇವೆ.

ಆಪರೇಷನ್ ಆದ ಕೆಲವು ದಿನಕ್ಕೆ ನಿಮ್ಮಮ್ಮ ಫೋನಿಗೊಂದು ಫೋಟೋ ಕಳಿಸಿದಳು. ಡೈಪರಿನಲ್ಲಿ ಹಳದಿ ಕಕ್ಕ! ನೀವಿಬ್ಬರೂ "ಥೂ, ಗಲೀಜು!" ಎಂದು ಮೂಗು ಮುಚ್ಚಿಕೊಂಡು ನಕ್ಕಿರಿ. ನನಗೆ ಅಳು ಬಂತು. ತಮ್ಮನ ಬಟ್ಟೆಗಳನ್ನು ಒಂದೊಂದಾಗಿ ಬಿಚ್ಚಿ ಆ ಬಣ್ಣವನ್ನು ನಾನು ಇವತ್ತಿಗೂ ಕನಸಿನಲ್ಲಿ ಹುಡುಕುತ್ತೇನೆ.