ಒಂದು ತಾಸಿನ ವಿಶ್ರಾಂತಿ

ಬೈಲಹೊಂಗಲದ ಆ ಟ್ರಸ್ಟಿನ ದವಾಖಾನೆಗೆ ಹೋಗಿ ಮಡಿವಾಳೆಪ್ಪ ಎಲ್ಲಿ ಎಂದು ಕೇಳಿದರೆ ಯಾರಿಗೂ ತಟ್ಟನೆ ಗುರುತು ಹತ್ತುವುದಿಲ್ಲ. ಡಬ್ಬಿ ಮಡಿವಾಳೆಪ್ಪ ಎನ್ನಬೇಕು. ಆಗ ಗೇಟಿನ ವಾಚಮನ್ ಕೂಡ ಎಕ್ಸ್‌ರೇ ಕೋಣೆಯ ಪಕ್ಕದ ಕಬ್ಬಿಣದ ಬಾಗಿಲ ಕಡೆ ಕೈ ತೋರಿಸುತ್ತಾನೆ. ಬಾಗಿಲ ಹಿಂದೆ ಸದಾ ಗುಂಯ್ ಎನ್ನುವ ಸದ್ದು, ಮೈ ನಡುಗಿಸುವ ಎಸಿಯ ತಂಪು, ನಡುವೆ ಸ್ವೆಟರ್ ತೊಟ್ಟು ಕುಳಿತ ಐವತ್ತೆರಡರ ಈ ಮನುಷ್ಯ. ಏಪ್ರಿಲ್ ತಿಂಗಳಲ್ಲೂ ಸ್ವೆಟರ್. ಮಂದಿ ನಗುತ್ತಾರೆ, ನಗಲಿ ಬಿಡಿ, ಆ ಕೋಣೆಯಲ್ಲಿ ಅರ್ಧ ತಾಸು ಕುಳಿತರೆ ಅವರಿಗೂ ತಿಳಿದೀತು.

ಇವನು ದೊಡವಾಡದವನು. ಐಟಿಐ ಮುಗಿಸಿ ಬಜಾರದಲ್ಲಿ ಟೀವಿ ರಿಪೇರಿಯ ಅಂಗಡಿ ಇಟ್ಟಿದ್ದ. ಜನ ಕೆಟ್ಟ ಟೀವಿ ಬಿಟ್ಟು ಹೊಸದನ್ನೇ ಕೊಳ್ಳತೊಡಗಿದಾಗ ಅಂಗಡಿ ಮುಚ್ಚಿ ದವಾಖಾನೆಯ ಜನರೇಟರ್ ನೋಡಿಕೊಳ್ಳಲು ಸೇರಿದ. ಆಮೇಲೆ ಕಂಪ್ಯೂಟರ್ ಬಂದವು, ಇವನ್ನೂ ನೀನೇ ನೋಡು ಎಂದರು. ಹುಬ್ಬಳ್ಳಿಯ ಎಂಜಿನಿಯರುಗಳಿಗೆ ಫೋನ್ ಹಚ್ಚಿ ಹಚ್ಚಿ, ಅವರು ಹೇಳಿದ್ದನ್ನೆಲ್ಲ ಇನ್ನೂರು ಪುಟದ ನೋಟುಬುಕ್ಕಿನಲ್ಲಿ ಕನ್ನಡದಲ್ಲಿ ಬರೆದುಕೊಂಡು ಕಲಿತ. ಡಿಗ್ರಿ ಇಲ್ಲ. ಆದರೆ ಡಿಗ್ರಿ ಇದ್ದವರು ಬಂದು ಕೈಚೆಲ್ಲಿ ಹೋದದ್ದನ್ನು ಸರಿಮಾಡಿದ್ದು ಎಷ್ಟೋ ಸಲ.

ಅವನ ಡಬ್ಬಿಯ ವಿಷಯ ಹೇಳಲೇಬೇಕು. ಕೋಣೆಯಲ್ಲಿ ಮೂರು ಸರ್ವರುಗಳಿದ್ದವು. ಆ ಮೂರರ ಹೊಟ್ಟೆಯಲ್ಲಿ, ಕೈಗೆ ಸಿಗದ, ಬರೀ ಸಾಫ್ಟ್‌ವೇರಿನ ಲೆಕ್ಕದ ಮೇಲೆ ನಡೆಯುವ ಹನ್ನೆರಡು ಬೇರೆ ಸರ್ವರುಗಳು: ಬಿಲ್ಲಿಂಗಿಗೆ ಒಂದು, ಲ್ಯಾಬಿಗೆ ಒಂದು, ಔಷಧಿ ಅಂಗಡಿಗೆ ಒಂದು, ಸ್ಕ್ಯಾನಿಂಗಿಗೆ ಒಂದು, ಹೀಗೆ. ಇವಕ್ಕೆ ಯಾವಕ್ಕೂ ಸ್ವಂತ ಕಣಜವಿಲ್ಲ. ಎಲ್ಲವೂ ತಮ್ಮ ಕಾಳನ್ನು ಒಂದೇ ಕಡೆ ಇಡುತ್ತವೆ, ಕೆಳಗಿನ ಖಾನೆಯಲ್ಲಿ ಕುಳಿತ ಆ ಕರಿಯ ಸ್ಟೋರೇಜ್ ಡಬ್ಬಿಯಲ್ಲಿ. ಅದರೊಳಗೆ ಎಂಟು ಡಿಸ್ಕು. ಯಾರಾದರೂ ಇದೇನು ಎಂದು ಕೇಳಿದರೆ ಮಡಿವಾಳೆಪ್ಪ, ಇದು ಹನ್ನೆರಡು ಮನೆಯವರು ಕೂಡಿ ಕಾಳು ತುಂಬಿಡಲು ತೋಡಿದ ಹಗೇವು ಎನ್ನುತ್ತಿದ್ದ. ಎಂಟರಲ್ಲಿ ಒಂದು ಡಿಸ್ಕು ಕೆಟ್ಟರೆ ಉಳಿದ ಏಳು ಸಂಭಾಳಿಸುತ್ತವೆ. ಎರಡು ಕೆಟ್ಟರೆ ಹನ್ನೆರಡೂ ಮನೆ ಉಪವಾಸ.

ಒಂದು ದಿನ ಮುಂಜಾನೆ ಒಪಿಡಿ ತುಂಬಿ ತುಳುಕುತ್ತಿದ್ದಾಗ ಎಲ್ಲ ಕಂಪ್ಯೂಟರುಗಳೂ ಕಲ್ಲಿನಂತೆ ನಿಂತುಬಿಟ್ಟಿದ್ದವು. ಎಲ್ಲರೂ ಇಂಟರ್ನೆಟ್ಟನ್ನು ಬೈದರು. ಮಡಿವಾಳೆಪ್ಪ ಸುಮ್ಮನೆ ಡಬ್ಬಿಯ ಜಾಗ ನೋಡಿದ; ಅಂಗುಲವೂ ಖಾಲಿ ಇರಲಿಲ್ಲ. ಸಾಫ್ಟ್‌ವೇರ್ ಕಂಪನಿಯವನೊಬ್ಬ ಮೂರು ತಿಂಗಳ ಹಿಂದೆ ಏನೋ ಬದಲಾಯಿಸುವ ಮೊದಲು ಲ್ಯಾಬಿನ ಸರ್ವರಿನ ಒಂದು ನಕಲನ್ನು ಹಿಡಿದಿಟ್ಟು, ತೆಗೆಯಲು ಮರೆತು ಹೋಗಿದ್ದ. ಅದು ದಿನಾ ಬೆಳೆದು ಬೆಳೆದು ಎಲ್ಲರ ಜಾಗ ತಿಂದಿತ್ತು. ಇಪ್ಪತ್ತು ನಿಮಿಷದಲ್ಲಿ ಅದನ್ನು ತೆಗೆದು ಜಾಗ ಬಿಡಿಸಿ, ಹೊರಗೆ ಬಂದು ಚಹಾ ಕುಡಿದ. ಇಂಥ ಮನುಷ್ಯ.

ಇಂಥ ಮನುಷ್ಯನ ಒಂದೇ ಒಂದು ಸ್ವಂತ ವಸ್ತು ಆ ಡಬ್ಬಿಯಲ್ಲಿತ್ತು. ಮೂರೂವರೆ ಸೆಕೆಂಡಿನ ಒಂದು ಚಿತ್ರ.

ಮದುವೆಯಾಗಿ ಹನ್ನೆರಡು ವರ್ಷಕ್ಕೆ ಅವನ ಹೆಂಡತಿ ಸಾವಿತ್ರೆವ್ವ ಹೆತ್ತಿದ್ದಳು. ಹೆಣ್ಣುಕೂಸು. ಹತ್ತು ವರ್ಷದ ಹಿಂದೆ, ದಸರೆಯ ಬೆನ್ನಿಗೆ ಬರುವ ಶೀಗಿಹುಣ್ಣಿಮೆಯ ದಿನ, ಇದೇ ದವಾಖಾನೆಯಲ್ಲಿ. ಕೂಸಿನ ಹೃದಯದಲ್ಲಿ ತೂತು ಇತ್ತು. ಬೆಳಗಾವಿಯಿಂದ ಡಾಕ್ಟರ್ ಬಂದು ಸ್ಕ್ಯಾನ್ ಮಾಡಿದರು. ಒಂಬತ್ತು ದಿನ ಬದುಕಿತು. ತೊಟ್ಟಿಲಿಗೆ ಹಾಕುವ ತನಕ ಫೋಟೋ ತೆಗೆಯಬೇಡ, ದಿಟ್ಟಿ ಆಗುತ್ತದೆ ಎಂದು ಮಡಿವಾಳೆಪ್ಪನ ತಾಯಿ ಬಾಯವ್ವ ತಾಕೀತು ಮಾಡಿದ್ದಳು, ಹಾಗಾಗಿ ಫೋಟೋ ಇಲ್ಲ. ತೊಟ್ಟಿಲೇ ಆಗಲಿಲ್ಲ, ಹಾಗಾಗಿ ಹೆಸರೂ ಇಲ್ಲ. ಉಳಿದದ್ದು ಆ ಸ್ಕ್ಯಾನ್ ಒಂದೇ. ಬೂದು ಬಣ್ಣದ ಪರದೆಯ ಮೇಲೆ ಹೆಬ್ಬೆರಳಿನಷ್ಟು ಹೃದಯ ಬಡಿಯುತ್ತದೆ, ಮೂರೂವರೆ ಸೆಕೆಂಡು, ಮುಗಿದೊಡನೆ ಮತ್ತೆ ಮೊದಲಿನಿಂದ. ಮೇಲೆ ಮೂಲೆಯಲ್ಲಿ ಇಂಗ್ಲಿಷಿನಲ್ಲಿ 'ಬೇಬಿ ಆಫ್ ಸಾವಿತ್ರೆವ್ವ' ಎಂದು ಬರೆದಿದೆ. ಕೂಸಿಗಿದ್ದ ಹೆಸರು ಅಷ್ಟೇ.

ಪ್ರತಿ ವರ್ಷ ಶೀಗಿಹುಣ್ಣಿಮೆಯ ದಿನ, ಹೊಲದಲ್ಲಿ ಭೂಮಿತಾಯಿಗೆ ನೈವೇದ್ಯದ ಚರಗ ಚೆಲ್ಲಿ ಬಂದ ಮೇಲೆ, ಸಾವಿತ್ರೆವ್ವ ಬುತ್ತಿ ಕಟ್ಟಿಕೊಂಡು ದವಾಖಾನೆಗೆ ಬರುತ್ತಿದ್ದಳು. ಸ್ಟೂಲಿನ ಮೇಲೆ ಕೂರುತ್ತಿದ್ದಳು. ಮಡಿವಾಳೆಪ್ಪ ಚಿತ್ರ ಹಚ್ಚಿಕೊಟ್ಟು, ತಾನು ಬೆನ್ನು ತಿರುಗಿಸಿ ಡಬ್ಬಿಯ ಹಸಿರು ದೀಪಗಳನ್ನು ನೋಡುತ್ತ ನಿಲ್ಲುತ್ತಿದ್ದ. ಅವಳು ಮೊದಲು ಮೂಲೆಯ ಹೆಸರನ್ನು ಬೆರಳಿನಿಂದ ಮುಟ್ಟುತ್ತಿದ್ದಳು. ಆಮೇಲೆ ಕೈಯನ್ನು ಮೊಣಕಾಲ ಮೇಲಿಟ್ಟುಕೊಂಡು ಕಾಲು ತಾಸು ನೋಡುತ್ತಿದ್ದಳು. ಬೆರಳೊಂದು ಆ ಬಡಿತದ ಜೊತೆ ಮೊಣಕಾಲ ಮೇಲೆ ತಾನಾಗಿ ಆಡುತ್ತಿತ್ತು. ನೋಡಿ ಮುಗಿದ ಮೇಲೆ ಇಬ್ಬರೂ ಕಡುಬು ಉಣ್ಣುತ್ತಿದ್ದರು.

ಒಮ್ಮೆ ಕೇಳಿದ್ದಳು, ಇದನ್ನು ಮನೆಗೆ ತರಲು ಬರುವುದಿಲ್ಲವೇ ಎಂದು. ಹೋದ ಕೂಸಿನ ಚಿತ್ರ ಮನೆಯಲ್ಲಿ ಇಡಬಾರದು ಎಂದು ಬಾಯವ್ವ ಸಿಟ್ಟಾದಳು. ದವಾಖಾನೆಯ ದಾಖಲೆ ಮನೆಗೆ ಒಯ್ಯುವುದು ನಿಯಮವಲ್ಲ ಎಂದು ಮಡಿವಾಳೆಪ್ಪನೂ ದನಿಗೂಡಿಸಿದ. ಹೆದರಬೇಡ, ಎರಡು ಕಡೆ ಇಟ್ಟಿದ್ದೇನೆ ಎಂದು ಸಮಾಧಾನ ಹೇಳಿದ. ಎರಡು ಕಡೆ ಇಟ್ಟದ್ದು ಖರೆ. ಆದರೆ ಎರಡೂ ಅದೇ ಡಬ್ಬಿಯ ಒಳಗೆ. ಅಯ್ಯೋ ಮಾರಾಯ, ಹನ್ನೆರಡು ಸರ್ವರುಗಳನ್ನು ಕಾದ ಜಾಣ, ಹತ್ತು ರೂಪಾಯಿಯ ಸಿಡಿಯೊಂದಕ್ಕೆ ಅದನ್ನು ಇಳಿಸಿಡಲು ಏಳಲಿಲ್ಲವಲ್ಲ! ಬಾಯವ್ವ ಸತ್ತು ನಾಲ್ಕು ವರ್ಷವಾದ ಮೇಲೂ ಏಳಲಿಲ್ಲ.

ಇನ್ನು ದಸರೆಯ ಹಿಂದಿನ ದಿನದ ಖಂಡೇಪೂಜೆಯ ಮಾತು. ನಮ್ಮ ಕಡೆ ಆ ದಿನ ಕುಡಗೋಲಿನಿಂದ ಹಿಡಿದು ಟ್ರ್ಯಾಕ್ಟರಿನ ತನಕ ಎಲ್ಲಕ್ಕೂ ವಿಭೂತಿ, ಕುಂಕುಮ, ಚೆಂಡುಹೂವು. ಮಡಿವಾಳೆಪ್ಪ ಪ್ರತಿ ವರ್ಷ ಡಬ್ಬಿಗೂ ಪೂಜೆ ಮಾಡುತ್ತಿದ್ದ, ಆದರೆ ಬಂದ್ ಮಾಡದೆ, ನಡೆಯುತ್ತಿರುವಾಗಲೇ. ಈ ಸಲ ದವಾಖಾನೆಗೆ ಇಪ್ಪತ್ತೈದು ವರ್ಷ ತುಂಬಿತ್ತು. ತುರ್ತು ವಾರ್ಡು ಬಿಟ್ಟು ಎಲ್ಲ ಯಂತ್ರಗಳನ್ನೂ ಒಂದು ತಾಸು ನಿಲ್ಲಿಸಿ, ಧೂಳು ಒರೆಸಿ, ಶಾಸ್ತ್ರೋಕ್ತ ಪೂಜೆ ಆಗಬೇಕು ಎಂದು ಮ್ಯಾನೇಜರ್ ವೀರಪ್ಪ ಹೇಳಿದರು. ಒಂದು ಡಿಸ್ಕು ಆಗಲೇ ಕೆಟ್ಟು, ಅದರ ದೀಪ ತಿಂಗಳಿನಿಂದ ಕೇಸರಿಯಾಗಿತ್ತು. ಹೊಸದಕ್ಕೆ ಬರೆದಿದ್ದ, ಬಂದಿರಲಿಲ್ಲ. ವರ್ಷಗಟ್ಟಲೆ ತಿರುಗಿದ ಡಿಸ್ಕು ಒಮ್ಮೆ ನಿಂತರೆ ಮತ್ತೆ ಏಳುವ ಭರವಸೆ ಇಲ್ಲ ಎಂದು ನೋಟುಬುಕ್ಕಿನಲ್ಲಿ ಅವನದೇ ಕೈಬರಹದಲ್ಲಿ ಇತ್ತು. ಅದನ್ನು ಒಂದು ಸಲ ಹೇಳಿದ.

"ಒಂದು ತಾಸಿಗೆ ಏನ್ ಆಗತೈತೋ ಮಡಿವಾಳೆಪ್ಪ?" ಎಂದರು ವೀರಪ್ಪ. "ಕಾರಹುಣ್ಣಿಮಿ ದಿನ ಎತ್ತಿಗೂ ನೊಗಾ ಹಾಕೂದಿಲ್ಲ ನಾವು. ಪಾಪ, ಇದಕ್ಕೂ ಒಂದು ತಾಸು ವಿಶ್ರಾಂತಿ ಕೊಡು."

ಎರಡನೇ ಸಲ ಹೇಳಲಿಲ್ಲ. ಇಲ್ಲೇ ಅವನ ತಪ್ಪು, ವೀರಪ್ಪನವರ ಮೇಲೆ ಹಾಕಿ ನಾನು ಅವನನ್ನು ಪಾರು ಮಾಡಲಾರೆ. ಎತ್ತಿನ ಮಾತು ಅವನ ಮನಸ್ಸಿಗೆ ಹತ್ತಿತು. ಹನ್ನೊಂದು ವರ್ಷ ಒಂದು ಕ್ಷಣವೂ ನಿಲ್ಲದೆ ದುಡಿದ ಡಬ್ಬಿ, ಒಂದು ತಾಸು ದಣಿವಾರಿಸಿಕೊಳ್ಳಲಿ ಎಂದು ಅವನಿಗೂ ಅನಿಸಿತು. ಕ್ರಮ ತಪ್ಪದೆ ಮೊದಲು ಹನ್ನೆರಡು ಒಳಗಿನವು, ಆಮೇಲೆ ಮೂರು ಸರ್ವರು, ಎಲ್ಲದರ ಕೊನೆಗೆ ಡಬ್ಬಿ, ಹೀಗೆ ಒಂದೊಂದಾಗಿ ಬಂದ್ ಮಾಡಿದ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಆ ಕೋಣೆ ಸದ್ದಿಲ್ಲದೆ ನಿಂತಿತು. ಡಬ್ಬಿಯ ಮೈತುಂಬ ವಿಭೂತಿ ಹಚ್ಚಿ, ಊದಿನಕಡ್ಡಿ ಬೆಳಗಿ, ಕಾಯಿ ಒಡೆದರು.

ತಾಸಿನ ಮೇಲೆ ಡಬ್ಬಿ ಹಚ್ಚಿದ. ಏಳು ದೀಪ ಹತ್ತಬೇಕಿತ್ತು, ಆರು ಹತ್ತಿದವು. ಐದನೇ ಡಿಸ್ಕು ಏಳಲಿಲ್ಲ. ಹೊರಗೆ ತೆಗೆದು ಕಿವಿಗೆ ಹಿಡಿದ. ಒಳಗೆ ಟಿಕ್ ಎಂದು ಒಂದು ಸಲ, ಆಮೇಲೆ ಏನೂ ಇಲ್ಲ. ಸ್ವೆಟರಿನೊಳಗೆ ಹಾಕಿ ಎದೆಗೆ ಒತ್ತಿ ಬೆಚ್ಚಗೆ ಮಾಡಿ ನೋಡಿದ. ಮತ್ತೆ ಟಿಕ್. ಹೂವು ಕುಂಕುಮದ ನಡುವೆ ನೆಲದ ಮೇಲೆ ಕುಳಿತುಬಿಟ್ಟ.

ದವಾಖಾನೆಗೆ ಏನೂ ಆಗಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಟ್ರಸ್ಟಿನ ಶಾಖೆ ರಾಮದುರ್ಗದಲ್ಲಿದೆ. ಪ್ರತಿ ದಿನದ ನಕಲು ಅಲ್ಲಿನ ಕಂಪ್ಯೂಟರಿಗೆ ಹೋಗುವಂತೆ ಮಡಿವಾಳೆಪ್ಪನೇ ವ್ಯವಸ್ಥೆ ಮಾಡಿದ್ದ. ಮರುದಿನ ದಸರೆ. ಮೊದಲ ಬಸ್ಸಿಗೆ ಹೊರಟು ಸವದತ್ತಿ ದಾಟಿ ರಾಮದುರ್ಗ ಮುಟ್ಟಿ, ನಕಲಿನ ಡಿಸ್ಕನ್ನು ಟವೆಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ತಿರುಗಿ ಬಂದ. ಬಸ್ಸಿನಲ್ಲಿ ಕಂಡಕ್ಟರ್ ಬನ್ನಿ ಎಲೆ ಕೊಟ್ಟು, ಬಂಗಾರದಂಗ ಇರೂಣ್ರಿ ಎಂದ. ಮಡಿವಾಳೆಪ್ಪ ಎಲೆಯನ್ನು ಕಿಸೆಯಲ್ಲಿಟ್ಟುಕೊಂಡ. ನಕಲಿನಲ್ಲಿ ಹಳೆಯ ಸ್ಕ್ಯಾನುಗಳೂ ಇದ್ದರೆ ಎಂದು ದಾರಿಯುದ್ದಕ್ಕೂ ಆಸೆಪಟ್ಟ. ಇರಲಾರವು ಎಂದು ಅವನಿಗೆ ಗೊತ್ತಿತ್ತು. ಜಾಗ ಸಾಲದೆಂದು, ಎರಡು ವರ್ಷಕ್ಕಿಂತ ಹಳೆಯ ಚಿತ್ರಗಳು ಬೇಡ ಎಂದು ಗುರುತು ಹಾಕಿದ್ದು ಇದೇ ಕೈ.

ಬೆಳಗಾವಿಯಿಂದ ತರಿಸಿದ ಬಾಡಿಗೆ ಡಬ್ಬಿಗೆ ಎಲ್ಲವನ್ನೂ ತುಂಬಿ, ಎರಡನೇ ದಿನ ದವಾಖಾನೆ ಮೊದಲಿನಂತೆ ನಡೆಯಿತು. ಐದನೇ ಡಿಸ್ಕನ್ನು ಹುಬ್ಬಳ್ಳಿಗೆ ಕಳಿಸಿದ್ದ. ಒಳಗಿನ ತಟ್ಟೆ ಕೆರೆದುಹೋಗಿದೆ, ಏನೂ ಸಿಗದು ಎಂದು ನಾಲ್ಕನೇ ದಿನ ಫೋನ್ ಬಂತು. ಅದೇ ದಿನ ಮಧ್ಯಾಹ್ನ ವೀರಪ್ಪ ಎಲ್ಲರನ್ನೂ ಸೇರಿಸಿ, ಮಡಿವಾಳೆಪ್ಪ ಇದ್ದದ್ದಕ್ಕೆ ಒಂದು ಕಾಗದವೂ ಕಳೆಯಲಿಲ್ಲ ಎಂದು ಶಾಲು ಹೊದಿಸಿದರು. ನರ್ಸುಗಳು ಚಪ್ಪಾಳೆ ತಟ್ಟಿದರು. ಅವನಿಗೆ ಅಳು ಬಂತು. ಸಂತೋಷಕ್ಕೆ ಅಳುತ್ತಿದ್ದಾನೆ ಎಂದುಕೊಂಡು ಇನ್ನಷ್ಟು ತಟ್ಟಿದರು.

ಶಾಲು ನೋಡಿ ಸಾವಿತ್ರೆವ್ವ ಹಿಗ್ಗಿದಳು. ಅವಳಿಗೆ ಹೇಳಲು ಎರಡು ದಿನ ಬಾಯಿ ತೆರೆದ, ಎರಡು ದಿನ ಮುಚ್ಚಿದ. ಹುಣ್ಣಿಮೆ ಬಂದೇ ಬಂತು.

ಆ ಮುಂಜಾನೆ ಅವನು ಮಾಡಿದ್ದನ್ನು ಬರೆಯಲು ನನಗೆ ಮನಸ್ಸಿಲ್ಲ, ಆದರೆ ಮಾಡಿದ. ಕಳೆದ ವರ್ಷದ ಸ್ಕ್ಯಾನುಗಳಲ್ಲಿ ಹುಡುಕಿ ಒಂದು ಕೂಸಿನ ಹೃದಯದ ಚಿತ್ರ ತೆಗೆದ. ಅದೂ ಹೆಣ್ಣು, ಅದೂ ಕೆಲವೇ ದಿನದ್ದು, ಅದೇ ಬೂದು ಬಣ್ಣ. ಮೂಲೆಯ ಹೆಸರು ಕಾಣದಂತೆ ಪರದೆಗೆ ಬಿಳಿ ಡ್ರೆಸ್ಸಿಂಗ್ ಪಟ್ಟಿ ಅಂಟಿಸಿದ. ಯಾರಿಗೆ ತಾನೇ ಗೊತ್ತಾದೀತು, ಹೃದಯ ಎಂದರೆ ಹೃದಯ ಎಂದು ತನಗೇ ಹೇಳಿಕೊಂಡ. ದವಾಖಾನೆಯ ಚಿತ್ರ ಹೊರಗೆ ಒಯ್ಯಬಾರದು ಎಂದು ಹತ್ತು ವರ್ಷ ನಿಯಮ ಕಾದವನು ಅವನೇ.

ಸಾವಿತ್ರೆವ್ವ ಬಂದಳು, ಕೈಯಲ್ಲಿ ಬುತ್ತಿ, ಸೀರೆಯ ಅಂಚಿಗೆ ಹೊಲದ ಮಣ್ಣು. ಸ್ಟೂಲಿನ ಮೇಲೆ ಕುಳಿತು ಮೂಲೆಗೆ ಬೆರಳು ಚಾಚಿ, ಪಟ್ಟಿ ಕಂಡು ನಿಲ್ಲಿಸಿದಳು. ಪರದೆ ಅಲ್ಲಿ ಸೀಳಿದೆ ಎಂದ. ತಲೆಯಾಡಿಸಿ, ಕೈಯನ್ನು ಮೊಣಕಾಲ ಮೇಲಿಟ್ಟುಕೊಂಡಳು. ಮಡಿವಾಳೆಪ್ಪ ಬೆನ್ನು ತಿರುಗಿಸಿ ನಿಂತ. ಅವಳ ಬೆರಳು ಎರಡು ಸಲ ಆಡಿ ನಿಂತಿತು.

"ಯಾರ ಕೂಸ್ರೀ ಇದು?" ಎಂದಳು.

ಅವನು ಬಾಡಿಗೆ ಡಬ್ಬಿಯ ದೀಪಗಳನ್ನು ಎಣಿಸತೊಡಗಿದ.

"ಛಲೋ ಬಡೀತೈತಿ. ಆರಾಮ ಐತಿ ಈ ಕೂಸು. ನಮ್ಮದು ಹಿಂಗ ಇರಲಿಲ್ಲಲ್ರಿ."

ಗೋಡೆಯ ಕಡೆ ಮುಖ ಮಾಡಿಕೊಂಡೇ ಎಲ್ಲ ಹೇಳಿದ. ಡಬ್ಬಿ ಹೋದದ್ದು, ಎರಡೂ ಪ್ರತಿ ಅದರಲ್ಲೇ ಇದ್ದದ್ದು, ತಾನೇ ಬಂದ್ ಮಾಡಿದ್ದು. "ಇನ್ನೊಮ್ಮಿ ಕಳಕೊಂಡೆ ಸಾವಿತ್ರಿ. ಈ ಸಲ ನಾನ ಕಳದೆ."

ಬೈದಿದ್ದರೆ ಎಷ್ಟೋ ಹಗುರಾಗುತ್ತಿದ್ದ. ಅವಳು ಬೈಯಲಿಲ್ಲ. ಬೇರೆಯವರ ಕೂಸನ್ನು ಇನ್ನೂ ಸ್ವಲ್ಪ ಹೊತ್ತು ನೋಡಿದಳು, ಇದು ಬದುಕಿ ಉಳಿದಿದೆಯೇ ಎಂದು ಕೇಳಿದಳು. ಉಳಿದಿದೆ ಎಂದ. ಸೆರಗಿನಿಂದ ಕಣ್ಣು ಒರೆಸಿಕೊಂಡಳು.

"ಅದು ಹೆಂಗ ಬಡೀತಿತ್ತು, ನಿಮಗ ನೆನಪೈತಿಲ್ಲ?"

ನೆನಪಿರಲಿಲ್ಲ. ಹತ್ತು ವರ್ಷ ಹಚ್ಚಿಕೊಟ್ಟಿದ್ದ, ಒಂದು ಸಲವೂ ನೋಡಿರಲಿಲ್ಲ. ನೋಡಿದರೆ ತಡೆದುಕೊಳ್ಳಲಾರೆ ಎಂದು ದೀಪಗಳನ್ನೇ ನೋಡಿದ್ದ. ತಲೆ ಅಲ್ಲಾಡಿಸಿದ. ಸಾವಿತ್ರೆವ್ವ ಎದ್ದು ಬಂದು ಅವನ ಕೈ ಹಿಡಿದು ಅಂಗೈ ಬಿಚ್ಚಿಸಿದಳು. ತೋರುಬೆರಳಿನಿಂದ ಅದರ ಮೇಲೆ ಮೆತ್ತಗೆ ಬಡಿದಳು. ನಾಲ್ಕು ಸಲ. ಒಂದು ತಡೆ. ಮತ್ತೆ ಎರಡು. ಮತ್ತೆ ಮೊದಲಿನಿಂದ.

ಇನ್ನೊಮ್ಮೆ ಎಂದ. ಇನ್ನೊಮ್ಮೆ ಬಡಿದು ತೋರಿಸಿದಳು. ಅವನು ತನ್ನ ಬೆರಳಿನಿಂದ ಮೇಜಿನ ಮೇಲೆ ಬಡಿದು ನೋಡಿದ, ತಪ್ಪಿತು.

"ನಡುವ ನಿಲ್ಲೂದು ಇನ್ನಷ್ಟು ಹೊತ್ತು," ಎಂದಳು.