ಏಳು ಮಾರಾಯ್ತಿ

ನನ್ನ ಸೊಸೆ ಕೊಡವರ ಹುಡುಗಿ. ಅವಳೂ ನನ್ನ ಮಗನೂ ಮಂಗಳೂರಿನ ಜೆಪ್ಪುವಿನಲ್ಲಿ ನಮ್ಮ ಹೋಟೆಲಿನ ಮೇಲಿನ ಮನೆಯಲ್ಲಿದ್ದಾರೆ, ನಾನು ಶಕ್ತಿನಗರದಲ್ಲಿ. ಭಾನುವಾರ ಇಬ್ಬರೂ ಊಟಕ್ಕೆ ಬರುತ್ತಾರೆ. ಮೊದಮೊದಲು ಹೊರಡುವಾಗ ಅವಳು ನನ್ನ ಕಾಲು ಮುಟ್ಟುತ್ತಿದ್ದಳು. ಅವಳ ಕೈ ಪಾದಕ್ಕೆ ತಾಗಿತೋ ಇಲ್ಲವೋ, ಭುಜ ಹಿಡಿದು ಎಬ್ಬಿಸಿ, “ಏಳು ಮಾರಾಯ್ತಿ, ಎಂತದಕ್ಕೆ ಇದೆಲ್ಲ!” ಎನ್ನುತ್ತಿದ್ದೆ. ನಮ್ಮ ಕಡೆ ಪ್ರೀತಿ ತೋರಿಸುವುದೇ ಹಾಗೆ. ಬಗ್ಗಿದವರನ್ನು ಬಗ್ಗಿಯೇ ಇರಲು ಬಿಟ್ಟರೆ ಜಂಬದ ಹೆಂಗಸು ಎಂದಾರು.

ಬರಬರುತ್ತ ಅವಳು ಬಗ್ಗುವುದನ್ನೇ ಬಿಟ್ಟಳು. ಬಾಗಿಲಲ್ಲೇ ನಿಂತು “ಬರ್ತೇನೆ ಅತ್ತೆ” ಎಂದು ಚಪ್ಪಲಿ ಮೆಟ್ಟುತ್ತಿದ್ದಳು. ಏಳು ಎಂದವಳು ನಾನೇ, ಆದರೂ ನನಗೆ ಚುರುಕ್ ಎಂದಿತು. ಹೆಣ್ಣುಮಕ್ಕಳಿಲ್ಲದ ನಾನು ಇವಳನ್ನು ಎಷ್ಟು ಆಸೆಯಿಂದ ಮನೆ ತುಂಬಿಸಿಕೊಂಡಿದ್ದೆ ಎಂಬುದು ನನಗೇ ಗೊತ್ತು. ಈಗ ದೂರ ಸರಿಯುತ್ತಿದ್ದಾಳೆ ಎನಿಸಿತು. ಕೇಳಲು ಬಿಗುಮಾನ.

ಕಳೆದ ಡಿಸೆಂಬರಿನಲ್ಲಿ ಅವಳ ಅಜ್ಜಿಯನ್ನು ನೋಡಲು ನಾವಿಬ್ಬರೇ ಹೊರಟೆವು. ಮದುವೆ ಮಂಗಳೂರಿನ ಕಲ್ಯಾಣ ಮಂಟಪದಲ್ಲಿ ಆದದ್ದರಿಂದ ಅವಳ ಊರನ್ನು ನಾನು ನೋಡಿರಲಿಲ್ಲ. ಅವರ ಶಾಸ್ತ್ರಗಳನ್ನೂ ನೋಡಿರಲಿಲ್ಲ ಎನ್ನಬೇಕು. ಹೋಟೆಲಿನವಳ ಬುದ್ಧಿ, ಮದುವೆ ದಿನವಿಡೀ ಬಡಿಸುವವರ ಹಿಂದೆಯೇ ಓಡಾಡುತ್ತಿದ್ದೆ.

ಐಸ್ ಪೆಟ್ಟಿಗೆಯಲ್ಲಿ ಕಾಣೆ ಮೀನು ತುಂಬಿಸಿಕೊಂಡೆ. ಅವಳೇ ಕಾರು ಓಡಿಸಿದಳು. ಸಂಪಾಜೆ ಘಾಟಿ ಹತ್ತಿ, ಮಡಿಕೇರಿ ದಾಟಿ, ಅವಳ ಊರು ತಲುಪಿದೆವು. ಪೇಟೆ ಎಂದರೆ ಒಂದೇ ಬೀದಿ, ಅದರ ತುಂಬ ಹುರಿದ ಕಾಫಿಯ ಪರಿಮಳ. ಅಂಗಡಿಯೊಂದರಲ್ಲಿ ಜೇನಿನ ಬಾಟಲಿಗಳ ಪಕ್ಕ ಕಪ್ಪನೆಯ ಮಂದ ದ್ರವ ಕಂಡಿತು. ಜೋನಿ ಬೆಲ್ಲ ಇರಬೇಕೆಂದು ಅಂಗೈಗೆ ಸುರಿಸಿಕೊಂಡು ನೆಕ್ಕಿದೆ. ಹುಳಿಗೆ ಕಣ್ಣಲ್ಲಿ ನೀರೇ ಬಂತು.

“ಅದು ಕಾಚಂಪುಳಿ ಅತ್ತೆ, ಹಂದಿ ಸಾರಿಗೆ ಹಾಕುವುದು!” ಎಂದು ಸೊಸೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳು ಹಾಗೆ ನಕ್ಕದ್ದನ್ನು ನೋಡಿ ತಿಂಗಳುಗಳೇ ಆಗಿದ್ದವು. ಎರಡು ಬಾಟಲಿ ತೆಗೆದುಕೊಂಡೆ.

ಮನೆಯ ಜಗಲಿಯಲ್ಲಿ ಅಜ್ಜಿ ಕುರ್ಚಿಯಲ್ಲಿ ಕೂತಿದ್ದರು. ಸೊಸೆ ಬಗ್ಗಿ ಅವರ ಕಾಲು ಮುಟ್ಟಿ, ಕೈಯನ್ನು ಹಣೆಗೆ ಒತ್ತಿಕೊಂಡಳು. ಇನ್ನೇನು ಎಬ್ಬಿಸುತ್ತಾರೆ ಎಂದುಕೊಂಡೆ. ಅಜ್ಜಿ ಅಲುಗಾಡಲಿಲ್ಲ. ಅವಳು ಎರಡನೇ ಸಲ ಮುಟ್ಟಿದಳು, ಮೂರನೇ ಸಲವೂ ಮುಟ್ಟಿದಳು. ಆಮೇಲೆ ಅಜ್ಜಿ ಅವಳ ತಲೆಯ ಮೇಲೆ ಕೈಯಿಟ್ಟು, ತಮ್ಮ ಭಾಷೆಯಲ್ಲಿ ನಿಧಾನವಾಗಿ ಹರಸಿದರು. ಎದ್ದು ನಿಂತವಳ ಮುಖ ಅರಳಿತ್ತು. ನನ್ನ ಮುಖ ಹೇಗಿತ್ತೋ ಗೊತ್ತಿಲ್ಲ.

ಊಟಕ್ಕೆ ಕಡಂಬುಟ್ಟು ಎಂಬ ಅಕ್ಕಿ ತರಿಯ ಉಂಡೆ, ಹಂದಿ ಸಾರು. ನಾನು ಸಾಮಾನ್ಯವಾಗಿ ಇನ್ನೊಬ್ಬರ ಅಡುಗೆಯನ್ನು ಹೊಗಳುವವಳಲ್ಲ, ಅಂದು ಎರಡು ಸಲ ಹಾಕಿಸಿಕೊಂಡೆ. ಕೈ ತೊಳೆಯುವಾಗ ತಡೆಯಲಾಗದೆ ಕೇಳಿದೆ.

“ಮೂರು ಸಲ ಉಂಟಾ ನಿಮ್ಮಲ್ಲಿ?”

“ಹೌದು ಅತ್ತೆ. ಮೂರೂ ಆದ ಮೇಲೆಯೇ ಹರಸುವುದು.”

“ಮತ್ತೆ ನಾನು ಒಂದಕ್ಕೇ ಎಬ್ಬಿಸುವಾಗ ನಿನಗೆ ಹೇಳ್ಲಿಕ್ಕೆ ಎಂತ ಆಗಿತ್ತು?”

ಅವಳು ನಲ್ಲಿ ತಿರುಗಿಸಿ ನಿಲ್ಲಿಸಿದಳು. “ಹರಸಿ ಅಂತ ಕೇಳಿ ಪಡೆಯುವುದಾ ಅತ್ತೆ? ನಿಮಗೆ ನಾನು ಇಷ್ಟ ಇಲ್ಲ ಅಂದ್ಕೊಂಡೆ.”

ಇಡೀ ಶಕ್ತಿನಗರಕ್ಕೆ ಕೇಳುವಷ್ಟು ಬಾಯಿ ನನ್ನದು. ಆಗ ನಲ್ಲಿ ಮತ್ತೆ ತಿರುಗಿಸಿ, ತೊಳೆದ ಕೈಯನ್ನೇ ಇನ್ನೊಮ್ಮೆ ತೊಳೆದೆ.

ಮರುದಿನ ಅವಳು ನನ್ನನ್ನು ಮನೆಗೆ ಬಿಟ್ಟು, ಎಂದಿನಂತೆ ಬಾಗಿಲಲ್ಲಿ “ಬರ್ತೇನೆ ಅತ್ತೆ” ಎಂದಳು.

“ಚಪ್ಪಲಿ ಹಾಕ್ಬೇಡ. ಇಲ್ಲಿ ಬಾ,” ಎಂದು ನಾನು ಕುರ್ಚಿಯಲ್ಲಿ ಕೂತೆ.

ಅವಳಿಗೆ ಅರ್ಥವಾಯಿತು. ಬಗ್ಗಿದಳು. ಹಾಳು ಅಭ್ಯಾಸ, ಮೊದಲ ಸಲಕ್ಕೇ ನನ್ನ ಕೈ ಅವಳ ಭುಜದತ್ತ ಹೋಯಿತು. ಹಿಂದಕ್ಕೆಳೆದು ಸೆರಗಿನಲ್ಲಿ ಸುತ್ತಿಕೊಂಡೆ. ಎರಡಾಯಿತು, ಮೂರಾಯಿತು. ಆಮೇಲೆ ಅವಳ ತಲೆಯ ಮೇಲೆ ಕೈಯಿಟ್ಟು ತುಳುವಿನಲ್ಲಿ ಬಾಯಿಗೆ ಬಂದದ್ದೆಲ್ಲ ಹೇಳಿ ಹರಸಿದೆ. ಅವಳಿಗೆ ಎಷ್ಟು ತಿಳಿಯಿತೋ. ನನ್ನ ಮಾತು ಮುಗಿದ ಮೇಲೂ ಅವಳು ಏಳಲಿಲ್ಲ. ಏಳು ಎಂದು ನಾನೂ ಹೇಳಲಿಲ್ಲ.