ಮೋರಿಯ ಪಕ್ಕದ ಕಾಯಿ

ಇಂದು ಬೆಳಿಗ್ಗೆ, ಬಿಸಿಲು ಗೋಡೆಯಿಂದ ನೆಲಕ್ಕೆ ಇಳಿಯುವ ಮೊದಲು, ನಾನು ಬಿಳಿಗೆರೆಯ ನಮ್ಮ ಬಚ್ಚಲುಮನೆಯ ಹಿಂದೆ, ಮೋರಿಯ ಎಡಗಡೆ ನಿಂತಿದ್ದೆ. ಅಟ್ಟಕ್ಕೆ ಸಾಗಿಸುವಾಗ ಎಂದೋ ಕೈತಪ್ಪಿ ಉರುಳಿದ ತೆಂಗಿನಕಾಯಿಯೊಂದು ಅಲ್ಲಿ ಮೊಳೆತಿತ್ತು. ಯಾರೂ ನೆಟ್ಟದ್ದಲ್ಲ. ಎಳೆದೆ, ಬರಲಿಲ್ಲ. ಸಿಪ್ಪೆ ಸೀಳಿ ಹೊರಟ ಬೇರುಗಳು ಇಟ್ಟಿಗೆಯ ಸಂದಿ ಹುಡುಕಿಕೊಂಡು ಮೋರಿಯ ತೇವದವರೆಗೆ ಹೋಗಿದ್ದವು.

ಡಾಕ್ಟರಮ್ಮ ತೋರಿಸಿದ ಚಿತ್ರ ನೆನಪಾಯಿತು. ಹೋದ ವರ್ಷ ತಿಪಟೂರಿನಲ್ಲಿ ನನ್ನ ಹೆಂಡತಿ ಗಿರಿಜೆಯ ಹೊಟ್ಟೆಗೆ ಕ್ಯಾಮೆರಾ ಇಳಿಸಿ ಆಪರೇಷನ್ ಮಾಡಿದ ಮೇಲೆ, ಅವರು ಪರದೆಯ ಮೇಲೆ ಬೆರಳಿಟ್ಟು ಹೇಳಿದ್ದರು: "ಇದು ಎಂಡೋಮೆಟ್ರಿಯೋಸಿಸ್. ಗರ್ಭಕೋಶದ ಒಳಪದರದಂಥದ್ದೇ ಹೊರಗಡೆ ಬೆಳೆದಿದೆ ನೋಡಿ. ರಕ್ತ ಸಿಗದಿದ್ರೆ ಅಲ್ಲಿ ಉಳೀತಿರಲಿಲ್ಲ. ಆದ್ರೆ ಅದು ಸುಮ್ನಿರಲ್ಲ. ಪಕ್ಕದ ರಕ್ತನಾಳದಿಂದ ಹೊಸ ಕವಲು ಒಡೆಸಿ ತನ್ನ ಕಡೆಗೆ ಎಳ್ಕೊಳ್ಳುತ್ತೆ."

ಕಪ್ಪು ಕಲೆಯ ಸುತ್ತ ಸಣ್ಣ ಕೆಂಪು ಎಳೆಗಳಿದ್ದವು.

"ಬುಡಕ್ಕೆ ಮಣ್ಣು ಏರಿಸಿದ್ರೆ ಮರ ಹೊಸ ಬೇರು ಬಿಡ್ತೈತಲ್ಲ, ಹಂಗಾ ಮೇಡಂ?" ಎಂದೆ. ತಿಳಿದವನಂತೆ ಕಾಣುವ ಆಸೆ ನನಗೆ ಅಲ್ಲೂ ಬಿಟ್ಟಿರಲಿಲ್ಲ.

"ಹಾಗೇ ಅನ್ಕೊಳ್ಳಿ. ಪ್ರತಿ ತಿಂಗಳೂ ಅದೂ ರಕ್ತ ಒಸರುತ್ತೆ, ಹೊರಗೆ ಹೋಗೋಕೆ ದಾರಿ ಇಲ್ಲ. ಸುತ್ತ ಊದಿಕೊಂಡು ನೋಯುತ್ತೆ. ಮುಟ್ಟಿನ ದಿನಾನೇ ಅಂತಿಲ್ಲ, ಬೇರೆ ದಿನಾನೂ ನೋಯಬಹುದು. ಎಷ್ಟು ವರ್ಷದಿಂದ ಇತ್ತಮ್ಮ?"

ಗಿರಿಜೆ ನನ್ನ ಮುಖ ನೋಡಿದಳು. ನಾನು ಪರದೆ ನೋಡಿದೆ.

ನಮ್ಮ ಮನೆಯ ಲೆಕ್ಕ ನಿಮಗೆ ಹೇಳಬೇಕು. ಕಾಯಿಯನ್ನು ಹೆಚ್ಚುಕಮ್ಮಿ ವರ್ಷ ಅಟ್ಟದಲ್ಲಿ ಒಣಗಲು ಬಿಟ್ಟು ಕೊಬ್ಬರಿ ಮಾಡುತ್ತೇವೆ. ಮುಟ್ಟಾದ ಹೆಂಗಸು ಆ ಅಟ್ಟದ ಕೆಳಗೆ ಸುಳಿದರೆ ಕೊಬ್ಬರಿ ಕೆಡುತ್ತದೆಂದು ನಂಬಿದ್ದೆವು. ಹಾಗಾಗಿ ಅವರ ನೋವಿಗೂ ಒಂದು ಜಾಗ ನಿಗದಿಯಾಗಿತ್ತು. ಮುಟ್ಟಾಗಿ ಜಗಲಿಯಲ್ಲಿ ಮಲಗಿದ್ದರೆ ನೋವು ನಿಜ. ಅಟ್ಟದ ಕೆಳಗೆ ಬಂದ ಮೇಲೂ ನೋವೆಂದರೆ ಮೈಗಳ್ಳತನ.

ಆಪರೇಷನ್ನಿಗೆ ಮುಂಚಿನ ಬೇಸಿಗೆಯಲ್ಲಿ ಒಂದು ದಿನ ನಾನು ಏಣಿಯ ಮೇಲೆ ನಿಂತು ಅಟ್ಟದಿಂದ ಕಾಯಿ ಇಳಿಸುತ್ತಿದ್ದೆ. ಕೆಳಗೆ ಅಮ್ಮ, ಪಕ್ಕದ ಮನೆಯ ರಂಗಮ್ಮ ಮತ್ತು ಗಿರಿಜೆ ಚಿಪ್ಪು ಒಡೆಯುತ್ತಿದ್ದರು. ಗಿರಿಜೆಯ ಕೈಯಿಂದ ಮಚ್ಚು ಜಾರಿತು. ಹೊಟ್ಟೆ ಹಿಡಿದು ಚಾಪೆಯ ಮೇಲೆ ಮುದುರಿಕೊಂಡಳು.

"ಹೊರಗಾಗಿಲ್ಲ ಅಂತ ನೀನೇ ಅಂದ್ಯಲ್ಲೇ, ಇನ್ನೆಂಥ ನೋವು?" ಎಂದರು ಅಮ್ಮ.

"ನೋವೇನು ಕ್ಯಾಲೆಂಡರ್ ನೋಡ್ಕಂಡು ಬತ್ತದೇನಕ್ಕ? ಬುಡು, ಮಲಗ್ಲಿ," ಎಂದಳು ರಂಗಮ್ಮ.

ನಾನು ಒಂದು ಕಾಯಿಯನ್ನು ಕಿವಿಯ ಬಳಿ ಅಲ್ಲಾಡಿಸಿದೆ. ಕೊಬ್ಬರಿ ಚಿಪ್ಪಿನಿಂದ ಬಿಟ್ಟಿದ್ದರೆ ಒಳಗೆ ಗುಡುಗುಡು ಎನ್ನುತ್ತದೆ. "ಇದು ಬಿಟ್ಕಂಡೈತೆ ಕಣಮ್ಮ. ನಿನ್ ಸೊಸೇನೇ ಚಾಪೆಗೆ ಅಂಟ್ಕಂಡವ್ಳೆ!"

ಅಮ್ಮ ನಕ್ಕರು. ಗಿರಿಜೆಯೂ ಹಲ್ಲು ಕಚ್ಚಿಕೊಂಡೇ ನಕ್ಕಳು. ಆಮೇಲೆ ಎದ್ದು ಕೂತು ಮಚ್ಚು ತೆಗೆದುಕೊಂಡಳು. ಕಾಯಿಯೊಳಗಿನದು ನನ್ನ ಕಿವಿಗೆ ಕೇಳುತ್ತದೆಂದು ಊರಲ್ಲಿ ಹೆಸರು ಬೇರೆ.

ಇಂದು ಬೇರು ಕೀಳುತ್ತಿದ್ದಾಗ ಗಿರಿಜೆ ಹಿತ್ತಿಲ ಬಾಗಿಲಿಗೆ ಬಂದು ನಿಂತಳು. "ಮತ್ತೆ ಶುರುವಾದಂಗೈತೆ ಕಣ್ರೀ."

ಅದು ಮರಳಿ ಬೆಳೆಯಬಹುದೆಂದು ಡಾಕ್ಟರಮ್ಮ ಮೊದಲೇ ಹೇಳಿದ್ದರು. ಎಲ್ಲ ಗೊತ್ತಿದ್ದೂ ನನ್ನ ಬಾಯಿಂದ ಬಂದದ್ದು, "ನಿನ್ ದಿನ ಇನ್ನೂ..." ಅಲ್ಲಿಗೆ ನುಂಗಿಕೊಂಡೆ. ಅವಳಿಗೆ ಅಷ್ಟು ಸಾಕಾಗಿತ್ತು.

"ಹೇಳಿ, ಪೂರ್ತಿ ಹೇಳ್ಬುಡಿ."

"ಏನಿಲ್ಲ. ಸೀರೆ ಉಟ್ಕೊ, ಆಸ್ಪತ್ರೆಗೆ ಹೋಗಾಣ."

"ನಂಬಿದ್ರಾ?"

"ನಂಬ್ದೆ," ಎಂದೆ. ನನ್ನ ಮಾತನ್ನು ಅವಳು ನಂಬಿದಂತೆ ಕಾಣಲಿಲ್ಲ.

ಈಗ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದೇನೆ. ಒಳಗೆ ಅವಳ ಸ್ಕ್ಯಾನ್ ನಡೆಯುತ್ತಿದೆ. ಬೇರಿನ ಮಣ್ಣು ಇನ್ನೂ ಉಗುರಿನಲ್ಲಿದೆ. ಆ ಬೇಸಿಗೆಯ ದಿನ ನಡೆದದ್ದನ್ನು ನಾನು ಹಗುರ ಮಾಡಿ ಹೇಳಿದೆನೆಂದು ಅನ್ನಿಸಿದರೆ, ಏಣಿಯ ಕೆಳಗಿದ್ದವರನ್ನು ಕೇಳಿ. ಅಮ್ಮ ಈಗಿಲ್ಲ. ರಂಗಮ್ಮ ಇದ್ದಾಳೆ. ಗಿರಿಜೆ ಇದ್ದಾಳೆ.